ಸಿಬಿಟಿ ಅಂದರೆ ಬಸ್‌ಸ್ಟ್ಯಾಂಡ್ ಅಲ್ಲ: 14 ಸೆಷನ್ ಮುಗಿಸಿದವನ ರಿವ್ಯೂ

ನಾನು ಹುಬ್ಬಳ್ಳಿಯವನು. ನಮಗೆ ಸಿಬಿಟಿ ಅಂದರೆ ಒಂದೇ ಅರ್ಥ, ಸಿಟಿ ಬಸ್ ನಿಲ್ದಾಣ. ಹಾಗಾಗಿ ಕಳೆದ ವರ್ಷ ಮನೋವೈದ್ಯರು ಚೀಟಿಯಲ್ಲಿ ಮಾತ್ರೆಯ ಹೆಸರಿನ ಕೆಳಗೆ ಸಿಬಿಟಿ ಎಂದು ಬರೆದುಕೊಟ್ಟಾಗ ನನ್ನ ಹೆಂಡತಿ ಅದನ್ನು ಎರಡು ಸಲ ಓದಿದಳು. "ಸಿಬಿಟಿಗೆ ಹೋಗಿ ಯಾವ ಬಸ್ ಹಿಡೀಬೇಕಂತ್ರೀ?" ಎಂದು ಕೇಳಿದಳು. ಆಗ ನನಗೆ ನಗು ಬರಲಿಲ್ಲ. ಆ ಮೂರ್ನಾಲ್ಕು ತಿಂಗಳಲ್ಲಿ ಯಾವುದಕ್ಕೂ ನಗು ಬಂದಿರಲಿಲ್ಲ. ಈಗ ನೆನೆಸಿಕೊಂಡರೆ ಬರುತ್ತದೆ.

ಇದು ಆ ಇನ್ನೊಂದು ಸಿಬಿಟಿಯ ರಿವ್ಯೂ. ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ. ನಮ್ಮ ಯೋಚನೆ, ನಮ್ಮ ನಡವಳಿಕೆ ಎರಡನ್ನೂ ಹಿಡಿದು ಮಾಡುವ ಮಾತಿನ ಚಿಕಿತ್ಸೆ. ಒಂದು ಮಿಕ್ಸರ್ ಕೊಳ್ಳುವ ಮುಂಚೆ ಹತ್ತು ರಿವ್ಯೂ ಓದುತ್ತೇವೆ. ಇದಕ್ಕೆ ಕನ್ನಡದಲ್ಲಿ ಹುಡುಕಿದರೆ ನನಗೆ ಸಿಕ್ಕಿದ್ದು ಬರೀ ಉಪದೇಶ. ಖರ್ಚು ಎಷ್ಟು, ಒಳಗೆ ಕೂರಿಸಿಕೊಂಡು ಏನು ಮಾಡುತ್ತಾರೆ, ಅಳಬೇಕಾ, ಬರೆಯಬೇಕಾ, ಯಾರೂ ಹೇಳಿರಲಿಲ್ಲ.

ನನ್ನ ವಯಸ್ಸು 51. ಕೊಪ್ಪಿಕರ್ ರೋಡಿನ ಹಿಂದಿನ ಓಣಿಯಲ್ಲಿ ಸಣ್ಣದೊಂದು ಆಫ್‌ಸೆಟ್ ಪ್ರೆಸ್ ಇದೆ. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆಯ ಹ್ಯಾಂಡ್‌ಬಿಲ್, ಕ್ಯಾಲೆಂಡರ್. ಅಪ್ಪನ ಕಾಲದಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದರು, ನನ್ನ ಕಾಲಕ್ಕೆ ಕಂಪ್ಯೂಟರ್ ಬಂತು. ಏನೇ ಬಂದರೂ ಪ್ರೂಫ್ ನೋಡುವುದು ಮಾತ್ರ ನಾನೇ. ಹದಿನೈದನೇ ವಯಸ್ಸಿನಿಂದ ಕೆಂಪು ಪೆನ್ನು ಹಿಡಿದವನು.

ಕಳೆದ ವರ್ಷ ಮಾರ್ಚಿನಲ್ಲಿ ಒಂದು ಲಗ್ನಪತ್ರಿಕೆಯಲ್ಲಿ ತಪ್ಪಾಯಿತು. ತಾರೀಖು ಸರಿ ಇತ್ತು, ವಾರ ಸರಿ ಇತ್ತು. "ವೈಶಾಖ ಶುದ್ಧ ದಶಮಿ" ಆಗಬೇಕಾದಲ್ಲಿ "ವೈಶಾಖ ಬಹುಳ ದಶಮಿ" ಎಂದು ಬಿದ್ದಿತ್ತು, ಶುಕ್ಲಪಕ್ಷ ಹೋಗಿ ಕೃಷ್ಣಪಕ್ಷ ಆಗಿತ್ತು. ಹಳೆಯ ಫೈಲಿನ ಮೇಲೇ ಹೊಸದನ್ನು ಕೂರಿಸಿದ್ದೆವು, ಆ ಒಂದು ಪದ ಹಾಗೇ ಉಳಿದುಬಿಟ್ಟಿತ್ತು. 800 ಪತ್ರಿಕೆ. ಹುಡುಗಿಯ ಅಜ್ಜ ಪ್ರೆಸ್ಸಿಗೇ ಬಂದರು. ಕೂಗಾಡಲಿಲ್ಲ. ಪತ್ರಿಕೆ ಕೌಂಟರ್ ಮೇಲಿಟ್ಟು, "ಬಹುಳದಾಗ ಮಾಡಸ್ತೀಯೇನಪಾ ನಮ್ಮ ಹುಡುಗಿ ಲಗ್ನ?" ಎಂದಷ್ಟೇ ಕೇಳಿದರು. ಕೂಗಾಡಿದ್ದರೆ ಚೆನ್ನಾಗಿತ್ತು.

ಮೂರು ದಿನದಲ್ಲಿ ನನ್ನ ಖರ್ಚಿನಲ್ಲೇ ಮತ್ತೆ 800 ಹಾಕಿಸಿಕೊಟ್ಟೆ. 14,000 ಹೋಯಿತು. ಲಗ್ನ ಚೆನ್ನಾಗಿಯೇ ಆಯಿತು, ನನಗೂ ಊಟಕ್ಕೆ ಕರೆದಿದ್ದರು. ಹೋಗಲಿಲ್ಲ. ಅಲ್ಲಿಂದ ಶುರು. ಬೆಳಿಗ್ಗೆ ಮೂರೂವರೆಗೆ ಎಚ್ಚರ. ಎದೆ ಮೇಲೆ ಕಾಗದದ ರೀಮ್ ಇಟ್ಟ ಹಾಗೆ. ಊಟ ರುಚಿಸುತ್ತಿರಲಿಲ್ಲ, ಪೇಪರ್ ಓದಲು ಕೂತರೆ ಒಂದೇ ಸಾಲನ್ನು ನಾಲ್ಕು ಸಲ ಓದುತ್ತಿದ್ದೆ. ಪ್ರೂಫ್ ನೋಡುವವನಿಗೆ ಸಾಲು ಹತ್ತದಿದ್ದರೆ ಇನ್ನೇನು ಉಳಿಯುತ್ತದೆ? ಜೂನ್ ಹೊತ್ತಿಗೆ ಪ್ರೆಸ್ಸಿಗೆ ಹೋಗುವುದನ್ನೇ ಬಿಟ್ಟೆ. ತಪ್ಪು ಒಂದು ನೆಪ ಅಂತ ಈಗ ಗೊತ್ತಾಗುತ್ತದೆ. ಅದಕ್ಕೂ ಮುಂಚೆಯೇ ಒಳಗೆ ಏನೋ ಸಡಿಲವಾಗಿತ್ತು.

ಡಾಕ್ಟರ ಹತ್ತಿರ ಹೋಗಲು ಇಷ್ಟು ತಡ ಯಾಕೆ ಅಂದರೆ, ನಮ್ಮ ಕಡೆ ಒಂದು ಮಾತಿದೆ. ಯಾರಾದರೂ ಅಡ್ಡಾದಿಡ್ಡಿ ಮಾತಾಡಿದರೆ "ಇವನ್ನ ಧಾರವಾಡಕ್ಕ ಕಳಸ್ಬೇಕು" ಅನ್ನುತ್ತಾರೆ. ಬ್ರಿಟಿಷರ ಕಾಲದಿಂದ ಧಾರವಾಡದಲ್ಲಿ ಇರುವ ಮಾನಸಿಕ ಆಸ್ಪತ್ರೆ ಈಗ ಡಿಮ್ಹಾನ್ಸ್ ಆಗಿದೆ, ದೊಡ್ಡ ಸಂಸ್ಥೆ. ಆದರೆ ಬೈಗುಳ ಹಾಗೇ ಉಳಿದಿದೆ. ನಾನೇ ಎಷ್ಟೋ ಜನರಿಗೆ ಅಂದಿದ್ದೇನೆ. ನನ್ನ ಸರದಿ ಬಂದಾಗ ಅದೇ ಮಾತು ಗಂಟಲಲ್ಲಿ ಸಿಕ್ಕಿಕೊಂಡಿತ್ತು.

ಹಾಗಾಗಿ ಮೊದಲು ಕಳ್ಳದಾರಿ ಹಿಡಿದೆ. ಮೊಬೈಲಿನಲ್ಲೇ ಆಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ ಎಂದು ಒಂದು ಆನ್‌ಲೈನ್ ಸೇವೆಗೆ 1,500 ರೂಪಾಯಿ ಕಟ್ಟಿದೆ. ಎರಡು ಸೆಷನ್. ಆ ಹುಡುಗ ಒಳ್ಳೆಯವನೇ. ಆದರೆ ನಾನು ಬಾಯಿ ತೆಗೆದು ಐದು ನಿಮಿಷ ಆಗುವುದರೊಳಗೆ "ಸರ್, ಪಾಸಿಟಿವ್ ಆಗಿ ಯೋಚನೆ ಮಾಡಿ, ದಿನಾ ಕನ್ನಡಿ ಮುಂದೆ ನಿಂತು ಐ ಆಮ್ ದ ಬೆಸ್ಟ್ ಅನ್ನಿ" ಎಂದ. ಹೆಂಡತಿ ಅಡುಗೆ ಮನೆಯಲ್ಲಿದ್ದಾಗ ಒಮ್ಮೆ ಪ್ರಯತ್ನಿಸಿದೆ. ಕನ್ನಡಿಯಲ್ಲಿದ್ದವನು ನಂಬಲಿಲ್ಲ. ಆಮೇಲೆ ವಿಚಾರಿಸಿದರೆ ಆತ ಮಾಡಿದ್ದು ಕೆಲವೇ ವಾರಗಳ ಒಂದು ಕೋರ್ಸ್. ಅವರ ಜಾಹೀರಾತಿನಲ್ಲೂ ಸಿಬಿಟಿ ಅಂತಲೇ ಇತ್ತು. ಈ ಹೆಸರನ್ನು ಯಾರು ಬೇಕಾದರೂ ಬೋರ್ಡಿಗೆ ಹಾಕಿಕೊಳ್ಳುತ್ತಾರೆ, ಅದಕ್ಕೇ ಹುಷಾರು. ಕ್ಲಿನಿಕಲ್ ಸೈಕಾಲಜಿಯಲ್ಲಿ ಎಂ.ಫಿಲ್. ಆಗಿದೆಯಾ, ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾದ ನೋಂದಣಿ ಸಂಖ್ಯೆ ಇದೆಯಾ ಎಂದು ಮೊದಲೇ ಕೇಳಬಹುದು. ಕೇಳಿದರೆ ತಪ್ಪು ತಿಳಿಯುವವರ ಹತ್ತಿರ ಹೋಗುವುದೇ ಬೇಡ.

ಜುಲೈನಲ್ಲಿ ತಂಗಿಯ ಗಂಡ ಕೈಹಿಡಿದು ಎಳೆದುಕೊಂಡು ಹೋದಂತೆ ಮನೋವೈದ್ಯರ ಬಳಿ ಕರೆದುಕೊಂಡು ಹೋದರು. ಅವರು ಮೊದಲು ಥೈರಾಯ್ಡ್, ಬಿ12 ರಕ್ತಪರೀಕ್ಷೆ ಮಾಡಿಸಿದರು. ಎರಡೂ ಸರಿ ಇತ್ತು. ದಿನಕ್ಕೊಂದು ಮಾತ್ರೆ ಕೊಟ್ಟರು, ಜೊತೆಗೆ ಸಿಬಿಟಿಗೆ ಧಾರವಾಡದ ಒಬ್ಬ ಸೈಕಾಲಜಿಸ್ಟ್ ಹತ್ತಿರ ಕಳಿಸಿದರು. ಅಂತೂ ನನ್ನನ್ನು ಧಾರವಾಡಕ್ಕೆ ಕಳಿಸಿಯೇ ಬಿಟ್ಟರು. ಪ್ರತಿ ಗುರುವಾರ ಚಿಗರಿ ಬಸ್ಸು. ಮೇಡಂ ಅಂತಲೇ ಕರೆಯುತ್ತೇನೆ, ಹೆಸರು ಬೇಡ. ನಲವತ್ತರ ಆಸುಪಾಸು, ಅಪ್ಪಟ ಧಾರವಾಡ ಕನ್ನಡ, ಮೇಜಿನ ಮೇಲೆ ಟಿಶ್ಯೂ ಡಬ್ಬಿ, ಗೋಡೆ ಮೇಲೆ ಗಡಿಯಾರ. ಮಂಚ ಇರಲಿಲ್ಲ. ಸಿನಿಮಾದಲ್ಲಿ ತೋರಿಸುವ ಹಾಗೆ ಮಲಗಿಸಿ ಮಾತಾಡಿಸುತ್ತಾರೆ ಅಂದುಕೊಂಡಿದ್ದೆ.

ಮೊದಲ ದಿನ ಒಂದು ಹಾಳೆ ಕೊಟ್ಟರು. ಪಿಎಚ್‌ಕ್ಯೂ-9 ಅಂತೆ, ಖಿನ್ನತೆ ಅಳೆಯುವ ಹಾಳೆ, ಅಂಕ ಜಾಸ್ತಿ ಆದಷ್ಟೂ ಖಿನ್ನತೆ ಜಾಸ್ತಿ. ಕಳೆದ ಎರಡು ವಾರದ ಬಗ್ಗೆ ಒಂಬತ್ತು ಪ್ರಶ್ನೆ. ನಿದ್ದೆ, ಹಸಿವು, ಸುಸ್ತು, ಆಸಕ್ತಿ, ಏಕಾಗ್ರತೆ. ಪ್ರತಿಯೊಂದಕ್ಕೂ 0ರಿಂದ 3. ಒಟ್ಟು 27. ನನಗೆ 19 ಬಂತು. ಪರೀಕ್ಷೆಯಲ್ಲಿ ಇಷ್ಟು ಅಂಕ ಯಾವತ್ತೂ ಬಂದಿರಲಿಲ್ಲ.

ಒಂಬತ್ತನೇ ಪ್ರಶ್ನೆ ಬದುಕಿರುವುದೇ ಬೇಡ ಅನ್ನಿಸುವುದರ ಬಗ್ಗೆ. ನಾನು 1 ಎಂದು ಗುರುತು ಹಾಕಿ ಹಾಳೆ ಮಡಚಿದ್ದೆ. ಮೇಡಂ ಮಡಿಕೆ ಬಿಚ್ಚಿ, ಅದೊಂದನ್ನೇ ಹಿಡಿದು, ಹೆದರದೆ, ಮುಖ ತಿರುಗಿಸದೆ, ನೇರವಾಗಿ ಕೇಳಿದರು. ಅಲ್ಲಿಯವರೆಗೆ ಆ ಮಾತನ್ನು ನಾನು ಯಾರ ಮುಂದೆಯೂ ಆಡಿರಲಿಲ್ಲ. ಅರ್ಧ ಸೆಷನ್ ಅದಕ್ಕೇ ಹೋಯಿತು. ಕೊನೆಗೆ ಒಂದು ಕಾರ್ಡಿನಲ್ಲಿ, ಅಂಥ ಹೊತ್ತಿನಲ್ಲಿ ಯಾರಿಗೆ ಫೋನ್ ಮಾಡಬೇಕು ಎಂದು ನನ್ನ ಕೈಯಲ್ಲೇ ಬರೆಸಿದರು. ಹೆಂಡತಿ, ತಂಗಿಯ ಗಂಡ, ಡಾಕ್ಟರು. ಕೊನೆಯಲ್ಲಿ 14416. ಅದು ಟೆಲಿ ಮಾನಸ್, ಸರ್ಕಾರದ್ದು, 2022ರ ಅಕ್ಟೋಬರ್ 10ರಂದು ಶುರುವಾಗಿದ್ದು. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಆ ಕಾರ್ಡು ಇನ್ನೂ ನನ್ನ ಪಾಕೀಟಿನಲ್ಲಿದೆ. ಇದನ್ನು ಓದುತ್ತಿರುವವರಲ್ಲಿ ಯಾರಿಗಾದರೂ ಆ ಯೋಚನೆ ಬರುತ್ತಿದ್ದರೆ ನನ್ನ ರಿವ್ಯೂ ಆಮೇಲೆ ಓದಿ, ಮೊದಲು ಆ ನಂಬರ್.

ಈಗ ಒಳಗೆ ಏನು ನಡೆಯುತ್ತದೆ ಅನ್ನುವುದು. ಪ್ರತಿ ಸೆಷನ್ 50 ನಿಮಿಷ. ಬಂದ ತಕ್ಷಣ ವಾರ ಹೇಗಿತ್ತು, ಮನಸ್ಸಿಗೆ ಎಷ್ಟು ಅಂಕ. ಆಮೇಲೆ ಇವತ್ತು ಯಾವ ವಿಷಯ ಎಂದು ಇಬ್ಬರೂ ಸೇರಿ ತೀರ್ಮಾನ. ಹೋದ ವಾರದ ಹೋಂವರ್ಕ್ ನೋಡುವುದು. ಒಂದು ವಿಷಯ ಹಿಡಿದು ಕೆದಕುವುದು. ಮತ್ತೆ ಹೋಂವರ್ಕ್. ಕೊನೆಗೆ, ಇವತ್ತು ನಾನು ಹೇಳಿದ್ದರಲ್ಲಿ ನಿಮಗೆ ಹಿಡಿಸದ್ದು ಏನು ಎಂದು ಅವರೇ ಕೇಳುತ್ತಾರೆ. ಯಾವ ಡಾಕ್ಟರೂ ನನ್ನನ್ನು ಹಾಗೆ ಕೇಳಿದ್ದಿಲ್ಲ. ಒಟ್ಟಾರೆ ನಮ್ಮ ಪ್ರೆಸ್ಸಿನ ಕೆಲಸದ ಹಾಗೇ ಇದೆ. ಬಾಲ್ಯದಿಂದ ಶುರುಮಾಡಿ ಅಂತ ಹೇಳಲಿಲ್ಲ, ಮಂತ್ರ ಇಲ್ಲ, ಉಪದೇಶ ಇಲ್ಲ. ಹೋಂವರ್ಕ್ ಮಾತ್ರ ಜಾಸ್ತಿ. ಸುಮ್ನೆ ಕೂತು ಮಾತಾಡಿ ಹಗುರಾಗಿ ಬರೋಣ ಅನ್ನುವವರಿಗೆ ಇದು ಆಗಿಬರುವುದಿಲ್ಲ.

ಮೊದಲ ನಾಲ್ಕು ವಾರ ಯೋಚನೆಯ ಸುದ್ದಿಯನ್ನೇ ಎತ್ತಲಿಲ್ಲ. ಒಂದು ವೇಳಾಪಟ್ಟಿ. ಗಂಟೆಗಂಟೆಗೆ ಏನು ಮಾಡಿದೆ, ಅದರಿಂದ ಎಷ್ಟು ಖುಷಿ, ಏನೋ ಮಾಡಿದೆ ಅನ್ನುವ ಭಾವ ಎಷ್ಟು, 10ಕ್ಕೆ ಅಂಕ ಹಾಕಬೇಕು. ನನ್ನ ಮೊದಲ ವಾರದ ಪಟ್ಟಿಯಲ್ಲಿ "ಮಲಗಿದ್ದೆ" ಅನ್ನುವ ಪದ 31 ಸಲ ಇತ್ತು. ಎಣಿಸಿದ್ದು ನಾನೇ, ಚಟ. ಮೇಡಂ ಬೈಯಲಿಲ್ಲ. "ಈ 31ರಾಗ ಒಂದನ್ನ ಬದಲಾಯಿಸೋಣೇನ್ರಿ?" ಎಂದರು. ಬೆಳಿಗ್ಗೆ ಏಳಕ್ಕೆ ಉಣಕಲ್ ಕೆರೆ ಕಡೆ ಹತ್ತು ನಿಮಿಷ ನಡೆಯುವುದು ಎಂದಾಯಿತು. ಒಂದು ಸುತ್ತಲ್ಲ, ಹತ್ತೇ ನಿಮಿಷ. ನನಗೆ ಮನಸ್ಸೇ ಇಲ್ಲ ಎಂದೆ. "ಮನಸ್ಸು ಬರೋತನಕಾ ಕಾಯಬ್ಯಾಡ್ರಿ. ಕಾಲು ಮುಂದ ಹೋಗ್ಲಿ, ಮನಸ್ಸು ಹಿಂದಿನ ಬಸ್ಸಿಗೆ ಬರತೈತಿ" ಎಂದರು.

ಹೋಗುವ ಮುಂಚೆ ಎಷ್ಟು ಖುಷಿ ಸಿಗಬಹುದು ಎಂದು ಬರೆಯಬೇಕು, ಬಂದ ಮೇಲೆ ಎಷ್ಟು ಸಿಕ್ಕಿತು ಎಂದೂ ಬರೆಯಬೇಕು. ನಾನು ಬರೆದದ್ದು 0. ಬಂದ ಮೇಲೆ 2. ಎರಡು ಅಂದರೆ ಏನೂ ಅಲ್ಲ, ಆದರೆ ಸೊನ್ನೆ ಅಲ್ಲ ತಾನೆ? ಹತ್ತು ದಿನ ಹೀಗೆ ಬರೆದ ಮೇಲೆ ನನ್ನ ಅಂದಾಜು ಪ್ರತಿಸಲ ಕಡಿಮೆಯೇ ಬರುತ್ತಿದೆ ಅನ್ನುವುದು ಕಾಣಿಸಿತು. ಯಾರೋ ಹೇಳಿದ್ದಲ್ಲ, ನನ್ನದೇ ಅಕ್ಷರ. ಮೂರನೇ ವಾರ ಪ್ರೆಸ್ಸಿನ ಓಣಿಯ ಗೆಳೆಯ ದುರ್ಗದಬೈಲಿಗೆ ಎಳೆದುಕೊಂಡು ಹೋಗಿ ಗಿರ್ಮಿಟ್ ತಿನ್ನಿಸಿದ. ಖುಷಿ: 5. ಪಟ್ಟಿಯಲ್ಲಿ ಬಿದ್ದ ಮೊದಲ ಐದು ಅದು.

ಈ ನಡೆಯುವುದು, ತಿನ್ನುವುದು, ಕೆಲಸಕ್ಕೆ ಕೈ ಹಾಕುವುದು ಬರೀ ಪೀಠಿಕೆ ಅಂದುಕೊಂಡಿದ್ದೆ. ಅಲ್ಲವಂತೆ. ಅಮೆರಿಕದಲ್ಲಿ ನೀಲ್ ಜೇಕಬ್ಸನ್ ಎಂಬುವವರು ಸಿಬಿಟಿಯ ಭಾಗಗಳನ್ನು ಬಿಡಿಸಿಟ್ಟು ಪರೀಕ್ಷೆ ಮಾಡಿದಾಗ, ಈ ನಡವಳಿಕೆಯ ಭಾಗವೊಂದೇ ಇಡೀ ಚಿಕಿತ್ಸೆಯಷ್ಟೇ ಕೆಲಸ ಮಾಡಿತ್ತು. 1996ರ ಮಾತು. ಹಾಗಾದರೆ ಆಮೇಲೆ ನನ್ನ ಕೈಲಿ ಯೋಚನೆ ಬರೆಯುವ ಏಳು ಕಾಲಂ ಯಾಕೆ ತುಂಬಿಸಿದಿರಿ ಎಂದು ಮೇಡಂಗೆ ಕೇಳಿದೆ. "ನಿಮಗ ಕಾಲಂ ಭಾಳ ಸೇರ್ತಾವ ಅಂತ" ಎಂದು ನಕ್ಕರು. ಅದೂ ನಿಜ. ಗೋವಾದಲ್ಲಂತೂ ಸಂಗಾತ್ ಎಂಬ ಸಂಸ್ಥೆ ಸೈಕಾಲಜಿ ಓದಿಲ್ಲದ ಸ್ಥಳೀಯರಿಗೇ ತರಬೇತಿ ಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇದನ್ನೇ ಆರರಿಂದ ಎಂಟು ಸೆಷನ್ ಮಾಡಿಸಿತು. ತೀವ್ರ ಖಿನ್ನತೆ ಇದ್ದವರಿಗೂ ಪ್ರಯೋಜನ ಆಯಿತು ಎಂದು 2017ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. ಪೇಟೆಯವರ, ಇಂಗ್ಲಿಷಿನವರ ಚಿಕಿತ್ಸೆ ಇದು ಅನ್ನುವವರು ಗೋವಾದ ಕಡೆ ನೋಡಬೇಕು, ನಮ್ಮಿಂದ ಎಷ್ಟು ದೂರ? ನನ್ನ ಆನ್‌ಲೈನ್ ಹುಡುಗನಿಗೂ ಅವರಿಗೂ ಇರುವ ವ್ಯತ್ಯಾಸ ಡಿಗ್ರಿಯದಲ್ಲ. ಅವರಿಗೆ ಸರಿಯಾದ ತರಬೇತಿ ಇತ್ತು, ಹಿಂದೆ ನಿಂತು ತಿದ್ದುವವರಿದ್ದರು.

ಐದನೇ ಸೆಷನ್ನಿನಿಂದ ಏಳು ಕಾಲಂನ ಹಾಳೆ ಬಂತು. ಥಾಟ್ ರೆಕಾರ್ಡ್. ಸಂದರ್ಭ, ಭಾವನೆ ಎಷ್ಟು, ತಟ್ಟನೆ ಬಂದ ಯೋಚನೆ, ಅದಕ್ಕೆ ಪುರಾವೆ, ಅದರ ವಿರುದ್ಧ ಪುರಾವೆ, ತೂಗಿ ನೋಡಿದ ಮೇಲೆ ಏನನ್ನಿಸುತ್ತದೆ, ಈಗ ಭಾವನೆ ಎಷ್ಟು. ಈ ತಟ್ಟನೆ ಬರುವ ಯೋಚನೆಯೇ ಇಡೀ ವಿದ್ಯೆಯ ಬೇರು. ಇದನ್ನು ಹುಡುಕಿದವರು ಆರನ್ ಬೆಕ್, ಫಿಲಡೆಲ್ಫಿಯಾದ ಮನೋವೈದ್ಯರು. ಅವರೂ ಮೊದಲು ಮಂಚದ ಮೇಲೆ ಮಲಗಿಸಿ ಮಾತಾಡಿಸುತ್ತಿದ್ದವರೇ. ಖಿನ್ನತೆ ಅಂದರೆ ಒಳಮುಖ ತಿರುಗಿದ ಸಿಟ್ಟು ಎಂದು ಮನೋವಿಶ್ಲೇಷಣೆಯ ಪಿತಾಮಹ ಫ್ರಾಯ್ಡ್ ಹೇಳಿದ್ದನ್ನು ನಿಜ ಮಾಡಿ ತೋರಿಸಲು ರೋಗಿಗಳ ಕನಸುಗಳನ್ನು ಪರೀಕ್ಷೆ ಮಾಡಿದರಂತೆ. ಸಿಟ್ಟು ಸಿಗಲಿಲ್ಲ, ಸೋಲು ಸಿಕ್ಕಿತು. ಇನ್ನೊಮ್ಮೆ ಒಬ್ಬ ಹೆಣ್ಣುಮಗಳು ಏನೋ ಹೇಳುತ್ತಾ ಕಳವಳಪಡುತ್ತಿದ್ದಳು. ಕೇಳಿದರೆ, ನನ್ನ ಮಾತು ಕೇಳಿ ಡಾಕ್ಟರಿಗೆ ಬೋರಾಗುತ್ತಿದೆ ಅನ್ನುವ ಯೋಚನೆ ಅವಳ ತಲೆಯಲ್ಲಿ ಇನ್ನೊಂದು ಕಡೆ ಓಡುತ್ತಿತ್ತು. ಬಾಯಲ್ಲಿ ಒಂದು ಸಾಲು, ಒಳಗೆ ಇನ್ನೊಂದು ಸಾಲು. ಆ ಒಳಗಿನ ಸಾಲನ್ನು ಓದಲು ಕಲಿಸುವುದೇ ಚಿಕಿತ್ಸೆ ಆಯಿತು. 1977ರಲ್ಲಿ ಇದನ್ನು ಇಮಿಪ್ರಮಿನ್ ಎಂಬ ಮಾತ್ರೆಯ ಎದುರು ಪರೀಕ್ಷೆಗಿಟ್ಟರು, ಮಾತಿನ ಚಿಕಿತ್ಸೆ ಸೋಲಲಿಲ್ಲ. ಬೆಕ್ 2021ರಲ್ಲಿ ತೀರಿಕೊಂಡರು, ನೂರು ವರ್ಷ ತುಂಬಿತ್ತು.

ನನ್ನ ಒಳಗಿನ ಸಾಲು ಹೀಗಿತ್ತು. ಪ್ರೆಸ್ಸಿಗೆ ಹೋಗುವುದನ್ನು ಬಿಡುವ ಮುಂಚೆ ಒಂದು ಮಂಗಳವಾರ ಗಿರಾಕಿಯೊಬ್ಬರು ಬಂದು, ಸ್ಯಾಂಪಲ್ ಪತ್ರಿಕೆಗಳನ್ನು ತಿರುವಿ ನೋಡಿ, ಆಮೇಲೆ ಬರುತ್ತೇನೆ ಎಂದು ಹೋದರು. ಭಾವನೆ: ಬೇಜಾರು, 100ಕ್ಕೆ 85. ಯೋಚನೆ: "ಇವನ ಕೈಗೆ ಕೆಲಸ ಕೊಟ್ಟರೆ ಹಾಳು ಅಂತ ಊರಿಗೆಲ್ಲ ಗೊತ್ತಾಗಿದೆ." ಪುರಾವೆ ಕಾಲಂನಲ್ಲಿ ಬಹುಳ ದಶಮಿ ಬರೆದೆ. ವಿರುದ್ಧ ಕಾಲಂ ಖಾಲಿ ಬಿಟ್ಟೆ. ಆರನೇ ಕಾಲಂನಲ್ಲಿ, ಮೇಡಂಗೆ ಖುಷಿಯಾಗಲಿ ಎಂದು, "ನಾನು ಒಳ್ಳೆಯ ಕೆಲಸಗಾರ, ಎಲ್ಲಾ ಸರಿಹೋಗುತ್ತದೆ" ಎಂದು ಬರೆದೆ.

"ಇದನ್ನ ನೀವು ಎಷ್ಟು ನಂಬ್ತೀರಿ?"

"ಸೊನ್ನೆ."

"ಹಂಗಾರ ಹೊಡದು ಹಾಕ್ರಿ."

ಕೆಂಪು ಪೆನ್ನಿನಲ್ಲಿ ಹೊಡೆದು ಹಾಕಿದೆ. ಇದು ಪಾಸಿಟಿವ್ ಥಿಂಕಿಂಗ್ ಅಲ್ಲ ಎಂದು ನನಗೆ ಅರ್ಥವಾದದ್ದು ಆಗ. ಸುಳ್ಳು ಕೆಟ್ಟ ಮಾತನ್ನು ತೆಗೆದು ಅದರ ಜಾಗದಲ್ಲಿ ಸುಳ್ಳು ಒಳ್ಳೆಯ ಮಾತನ್ನು ಕೂರಿಸುವುದಲ್ಲ. ಅವರಿಗೆ ಬೇಕಾದದ್ದು ಲೆಕ್ಕ. ನಿಮ್ಮಲ್ಲಿ ಕೆಲಸದ ರಿಜಿಸ್ಟರ್ ಇರುತ್ತದಲ್ಲ, ಹಿಂದಿನ ಹನ್ನೆರಡು ತಿಂಗಳದ್ದು ಎಣಿಸಿಕೊಂಡು ಬನ್ನಿ ಎಂದರು. ಎರಡು ತಿಂಗಳ ಮೇಲೆ ಪ್ರೆಸ್ಸಿನ ಬೀಗ ತೆಗೆದದ್ದು ಆ ರಿಜಿಸ್ಟರಿಗಾಗಿ. ಇಂಕಿನ ವಾಸನೆ ಮೂಗಿಗೆ ಬಡಿಯಿತು. ಒಟ್ಟು 412 ಕೆಲಸ. ಮತ್ತೆ ಮುದ್ರಿಸಿಕೊಟ್ಟದ್ದು 3. ಅದರಲ್ಲಿ ಎರಡು ಗಿರಾಕಿಯೇ ತಪ್ಪು ಬರೆದುಕೊಟ್ಟದ್ದು. ಕಾಲಂನಲ್ಲಿ ಹೊಸದಾಗಿ ಬರೆದೆ: "ನಾನು ತಪ್ಪು ಮಾಡಿದೆ. ಅದು ದೊಡ್ಡ ತಪ್ಪೇ. 412ರಲ್ಲಿ ಅಂಥದು ಒಂದು." ಬೇಜಾರು 85 ಇದ್ದದ್ದು 55ಕ್ಕೆ ಬಂತು. ಸೊನ್ನೆ ಆಗಲಿಲ್ಲ. ಸೊನ್ನೆ ಆಗಿದ್ದರೆ ನಾನೇ ನಂಬುತ್ತಿರಲಿಲ್ಲ.

ಆಮೇಲೆ ಪ್ರಯೋಗ. ಹಳೆಯ ಗಿರಾಕಿಗಳು ಹತ್ತು ಜನರಿಗೆ ಫೋನ್ ಮಾಡಿ, ಹೊಸ ವರ್ಷದ ಕ್ಯಾಲೆಂಡರ್ ಬೇಕಾ ಎಂದು ಕೇಳಬೇಕು. ಏನಾಗಬಹುದು ಎಂದು ಮೊದಲೇ ಬರೆಯಬೇಕು. ಹತ್ತಕ್ಕೆ ಹತ್ತೂ ಬೇಡ ಅನ್ನುತ್ತಾರೆ ಎಂದು ಬರೆದೆ. ಆದದ್ದು: ನಾಲ್ವರು ಆರ್ಡರ್ ಕೊಟ್ಟರು. ಮೂವರು ಈಗ ಎಲ್ಲಾ ವಾಟ್ಸಾಪಿನಲ್ಲೇ ಅಂದರು. ಇಬ್ಬರು ಎತ್ತಲಿಲ್ಲ. ಒಬ್ಬರು ಬೈದರು. ಬೈದದ್ದು ಬಹುಳ ದಶಮಿಗಲ್ಲ, ಹಳೆಯದೊಂದು ಬಿಲ್ಲಿನ ತಕರಾರಿಗೆ. ಆ ಬಹುಳ ದಶಮಿಯ ಸುದ್ದಿ ಫೋನ್ ಎತ್ತಿದ ಎಂಟು ಜನರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಒಂಬತ್ತನೇ ಸೆಷನ್ನಿನ ಬಗ್ಗೆ ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ. ಬರೆಯುತ್ತೇನೆ. ಅವತ್ತು ಮೇಡಂ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದರು. ತಪ್ಪಾಯಿತು. ಆದರೆ ಏನಾಯಿತು? ಜನ ಬರುವುದಿಲ್ಲ. ಬರದಿದ್ದರೆ? ಪ್ರೆಸ್ ಮುಚ್ಚಬೇಕು. ಮುಚ್ಚಿದರೆ? ಅಪ್ಪನ ಹೆಸರು ಹೋಗುತ್ತದೆ. ಹೋದರೆ, ನಿಮ್ಮ ಬಗ್ಗೆ ಏನು ಹೇಳಿದಂತಾಗುತ್ತದೆ? ನಾನು ಆ ಜಾಗದಲ್ಲಿ ಕೂರಲು ಲಾಯಕ್ಕಲ್ಲದವನು. ಅಷ್ಟು ಹೇಳಿ ಅತ್ತೆ. ಟಿಶ್ಯೂ ಡಬ್ಬಿ ಕೆಲಸಕ್ಕೆ ಬಂತು. ಸ್ವಲ್ಪ ಹೊತ್ತು ಬಿಟ್ಟು, ನಿಮ್ಮ ಅಪ್ಪ ಯಾವತ್ತೂ ತಪ್ಪು ಮುದ್ರಿಸಿರಲಿಲ್ಲವಾ ಎಂದು ಕೇಳಿದರು. ಇಲ್ಲ ಎಂದೆ. ಬಸ್ಸಿನಲ್ಲಿ ವಾಪಸ್ ಬರುವಾಗ ನೆನಪಾಯಿತು. ಒಪ್ಪೋಲೆ. ಹಳೆಯ ಕನ್ನಡ ಪುಸ್ತಕಗಳ ಕೊನೆಯಲ್ಲಿ ಇರುತ್ತಿತ್ತಲ್ಲ, ಪುಟ, ಸಾಲು, ತಪ್ಪು, ಒಪ್ಪು. ನಾನು ಏಳನೇ ಇಯತ್ತೆಯಲ್ಲಿದ್ದಾಗ ಒಂದು ಪುರಾಣದ ಪುಸ್ತಕಕ್ಕೆ ಅಪ್ಪ ಎರಡು ಪುಟದ ಒಪ್ಪೋಲೆ ಹಾಕಿದ್ದರು. ಪ್ರತಿಯೊಂದು ಪ್ರತಿಗೂ ಅದನ್ನು ಗೋಂದು ಹಚ್ಚಿ ಅಂಟಿಸಿದವನು ನಾನೇ. ಎರಡು ಪುಟ ತಪ್ಪು! ಆಮೇಲೂ ಮೂವತ್ತು ವರ್ಷ ಪ್ರೆಸ್ ನಡೆಸಿದರು.

ಇನ್ನು ಹಿಡಿಸದ್ದು. ಈ ಚಿಕಿತ್ಸೆಯಲ್ಲಿ ಯೋಚನೆಯನ್ನು ತಪ್ಪು ಎಂದು ಹಿಡಿಯುವ ಉಮೇದು ಸ್ವಲ್ಪ ಜಾಸ್ತಿ. ನನ್ನ ಯೋಚನೆಗಳಲ್ಲಿ ಕೆಲವು ನಿಜವೇ ಆಗಿದ್ದವು. ಲಗ್ನಪತ್ರಿಕೆ ಧಂದೆ ಇಳಿಯುತ್ತಿದೆ. ಮಷಿನ್ ಸಾಲ ಇದೆ. ಮಗ ಪ್ರೆಸ್ಸಿಗೆ ಬರುವುದಿಲ್ಲ. ಇದಕ್ಕೆಲ್ಲ ವಿರುದ್ಧ ಪುರಾವೆ ಹುಡುಕಿ ಅಂದರೆ ಸಿಟ್ಟು ಬರುತ್ತದೆ. ಆರನೇ ಸೆಷನ್ನಿನಲ್ಲಿ ಬಂತು, ಹೇಳಿಯೂ ಬಿಟ್ಟೆ. ನಮ್ಮ ಕಸುಬಿನಲ್ಲಿ, ತಪ್ಪೆಂದು ಹೊಡೆದ ಪದ ಸರಿ ಇದೆ ಎಂದು ಗೊತ್ತಾದರೆ ಅದರ ಕೆಳಗೆ ಚುಕ್ಕಿ ಇಡುತ್ತೇವೆ. ಇರಲಿ, ತೆಗೆಯಬೇಡ ಎಂದು ಅರ್ಥ. ಅವತ್ತಿನಿಂದ ಅಂಥ ಯೋಚನೆಗಳ ಕೆಳಗೆ ಚುಕ್ಕಿ ಇಡುವುದು ಎಂದು ಇಬ್ಬರೂ ಒಪ್ಪಿದೆವು. ಚುಕ್ಕಿ ಇಟ್ಟದ್ದಕ್ಕೆ ಬೇರೆ ಹಾಳೆ, ಅದರಲ್ಲಿ ಪುರಾವೆ ಇಲ್ಲ, ಈ ವಾರ ಏನು ಮಾಡಬಹುದು ಎಂಬುದಷ್ಟೇ. ಬ್ಯಾಂಕಿಗೆ ಹೋಗಿ ಕಂತಿನ ಬಗ್ಗೆ ಮಾತಾಡಿದ್ದು ಆ ಹಾಳೆಯಿಂದ. ಆದರೆ ನಾನು ಸಿಟ್ಟು ಮಾಡಿದ್ದಕ್ಕೆ ಇದಾಯಿತು. ಸಿಟ್ಟು ಮಾಡದವರ ಗತಿ?

ಎರಡನೆಯದು ಭಾಷೆ. ಮಾತೆಲ್ಲ ಕನ್ನಡ, ಹಾಳೆಗಳೆಲ್ಲ ಇಂಗ್ಲಿಷ್. ಮೇಡಂ ಬಾಯಲ್ಲಿ ಅನುವಾದ ಮಾಡುತ್ತಿದ್ದರು. ಬೇಜಾರು ಅನ್ನುವ ನಮ್ಮ ಒಂದು ಪದದಲ್ಲಿ ದುಃಖ, ಬೋರು, ಸಿಟ್ಟು, ಸಂಕೋಚ ಎಲ್ಲಾ ಕೂತಿರುತ್ತವೆ. ಫಾರಂನಲ್ಲಿ ಅದನ್ನು ಬಿಡಿಸಿ ಬರೆಯಬೇಕು. ನಾಲ್ಕು ವಾರ ನಾನು ಪ್ರತಿ ಸಾಲಿನಲ್ಲೂ ಬೇಜಾರು ಅಂತಲೇ ಬರೆದೆ. ಆಮೇಲೆ, ಇದು ದುಃಖ ಅಲ್ಲ, ನಾಚಿಕೆ ಎಂದು ಹೊಳೆದ ದಿನ ನಿಜಕ್ಕೂ ಏನೋ ಕಳಚಿದಂತಾಯಿತು. ಅದನ್ನು ಯಾವ ಹಾಳೆಯೂ ಹೇಳಲಿಲ್ಲ. ಸಂಕಟ, ಕಸಿವಿಸಿ, ತಳಮಳ, ಮುಜುಗರ, ನಮ್ಮಲ್ಲಿ ಪದಗಳಿಗೆ ಬರವೇ?

ಖರ್ಚು: ಸೆಷನ್ನಿಗೆ 800, ಹದಿನಾಲ್ಕಕ್ಕೆ 11,200. ಬಸ್ ಚಾರ್ಜ್ ಬೇರೆ. ಮೊದಲ ಹತ್ತು ವಾರಕ್ಕೊಮ್ಮೆ, ಕೊನೆಯ ನಾಲ್ಕು ಹದಿನೈದು ದಿನಕ್ಕೊಮ್ಮೆ. ಬೆಂಗಳೂರಿನಲ್ಲಿರುವ ಗೆಳೆಯ 2,000 ಕೊಡುತ್ತಾನೆ, ಒಂದಕ್ಕೆ. ಮಾನಸಿಕ ಕಾಯಿಲೆಗೂ ದೇಹದ ಕಾಯಿಲೆಯಂತೆಯೇ ವಿಮೆ ಕೊಡಬೇಕು ಎಂದು 2017ರ ಕಾಯ್ದೆ ಹೇಳುತ್ತದೆ. ನನ್ನ ಪಾಲಿಸಿಯಲ್ಲಿ ಆಸ್ಪತ್ರೆಗೆ ಸೇರಿದರೆ ಮಾತ್ರ ದುಡ್ಡು, ಕೂತು ಮಾತಾಡಿ ಬಂದದ್ದಕ್ಕೆ ಇಲ್ಲ. ಅಷ್ಟು ಆಗದವರಿಗೆ ಜಿಲ್ಲಾ ಆಸ್ಪತ್ರೆ ಇದೆ. ನಮ್ಮ ರಾಜ್ಯದ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋಚೈತನ್ಯ ಅಂತ ಕ್ಲಿನಿಕ್ ನಡೆಯುತ್ತದೆ. ಜಿಲ್ಲೆ ಜಿಲ್ಲೆಗೂ ಮಾನಸಿಕ ಆರೋಗ್ಯ ಕಾರ್ಯಕ್ರಮ ಅನ್ನುವ ಕಲ್ಪನೆಯನ್ನು ದೇಶಕ್ಕೆ ಮಾಡಿ ತೋರಿಸಿದ್ದೇ ನಮ್ಮ ಬಳ್ಳಾರಿ, 1980ರ ದಶಕದಲ್ಲಿ, ನಿಮ್ಹಾನ್ಸ್‌ನವರ ಕೈಯಲ್ಲಿ.

ಹದಿನಾಲ್ಕನೇ ಸೆಷನ್ನಿನಲ್ಲಿ ಅದೇ ಒಂಬತ್ತು ಪ್ರಶ್ನೆಯ ಹಾಳೆ. 6 ಬಂತು. ಒಂಬತ್ತನೇ ಪ್ರಶ್ನೆಗೆ 0. ಇದರಲ್ಲಿ ಮಾತ್ರೆಯ ಪಾಲೆಷ್ಟು, ಮಾತಿನ ಪಾಲೆಷ್ಟು ಎಂದು ನನ್ನನ್ನು ಕೇಳಬೇಡಿ. ನನ್ನಷ್ಟು ಜೋರಾಗಿದ್ದಾಗ ಎರಡೂ ಒಟ್ಟಿಗೆ ಇದ್ದರೆ ಒಳ್ಳೆಯದು ಎಂದು ಡಾಕ್ಟರು ಹೇಳಿದ್ದರು. ಮಾತ್ರೆ ಇನ್ನೂ ನಡೆಯುತ್ತಿದೆ. ನಿಲ್ಲಿಸುವುದು ಅವರು ಹೇಳಿದ ಮೇಲೆ, ಅದೂ ನಿಧಾನವಾಗಿ. ಸಿಬಿಟಿಯ ಹೆಚ್ಚುಗಾರಿಕೆ ಅಂದರೆ, ಮುಗಿದ ಮೇಲೂ ಕಲಿತದ್ದು ಕೈಯಲ್ಲಿ ಉಳಿಯುತ್ತದೆ, ಮತ್ತೆ ಬೀಳುವುದು ಕಡಿಮೆಯಾಗುತ್ತದೆ. ಜನವರಿಯಲ್ಲಿ ನಾನು ಮತ್ತೆ ಸ್ವಲ್ಪ ಜಾರಿದೆ. ಮೂರೂವರೆಯ ಎಚ್ಚರ ಶುರುವಾಯಿತು. ಮೂರನೇ ದಿನಕ್ಕೇ ವೇಳಾಪಟ್ಟಿ ತೆಗೆದು ಕೂತೆ. ಹಿಂದಿನ ಸಲ ಮೂರು ತಿಂಗಳು ಮಲಗಿದ್ದೆ.

ಅಂಕ ಕೊಡಬೇಕಲ್ಲ. ಐದಕ್ಕೆ ಕೊಡುವುದು ನನಗೀಗ ಆಗುವುದಿಲ್ಲ, ಎಲ್ಲಾ ನೂರಕ್ಕೇ. 74. ಹೋಂವರ್ಕ್ ಮಾಡದವರು ಅದರಲ್ಲಿ 50 ಕಳೆಯಬಹುದು.

ಕೊನೆಗೊಂದು ವಿಷಯ. ಇಂಗ್ಲಿಷ್ ಹಾಳೆಯ ಸಿಟ್ಟಿಗೆ ಆ ಏಳು ಕಾಲಂ ಅನ್ನು ನಾನೇ ಕನ್ನಡದಲ್ಲಿ ಕೂರಿಸಿ, 50 ಹಾಳೆಯ ಪ್ಯಾಡ್ ಮಾಡಿ, 100 ಪ್ಯಾಡ್ ಹಾಕಿದೆ. ಜೂನ್ ಆದಮೇಲೆ ಮಷಿನ್ ಮೇಲೆ ನಾನೇ ನಿಂತು ಹಾಕಿದ ಮೊದಲ ಕೆಲಸ. 60 ಮೇಡಂಗೆ ಕೊಟ್ಟೆ. ಅವರು ದುಡ್ಡು ಕೊಡಲು ಬಂದರು, ಬಿಲ್ ಮಾಡಲಿಲ್ಲ. ಎರಡು ವಾರ ಬಿಟ್ಟು ಅವರದೇ ಫೋನ್. "ಮೊದಲನೇ ಕಾಲಂ ನೋಡೀರೇನ್ರಿ?" ನೋಡಿದೆ. "ಸಂದರ್ಬ" ಎಂದು ಬಿದ್ದಿದೆ. ಭ ಹೋಗಿ ಬ ಆಗಿದೆ, 5,000 ಹಾಳೆಯಲ್ಲಿ.

ಅವತ್ತು ರಾತ್ರಿ ಅದೇ ಪ್ಯಾಡಿನ ಮೇಲೆ ಅದನ್ನೇ ಬರೆದೆ. ಬೇಜಾರು, ಅಲ್ಲ, ಮುಜುಗರ, 40. ಬರೆದ ಮೇಲೆ 15. ಮತ್ತೆ ಹಾಕಿಸಿಲ್ಲ, ಒಪ್ಪೋಲೆಯನ್ನೂ ಅಂಟಿಸಿಲ್ಲ. ಪ್ರೆಸ್ಸಿನಲ್ಲಿ ಇನ್ನೂ 38 ಪ್ಯಾಡ್ ಉಳಿದಿವೆ.